ಕೊಡುವ ಕೈ

ರೊಟ್ಟಿಯ ತಟ್ಟೆಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ಸುಜಿ ಸಭೆಯನ್ನು ಮುಂದಕ್ಕೆ ಕರೆದಳು. ಕರೆದದ್ದೇ ತಡ, ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕೂತಿದ್ದ ರೋಸಮ್ಮ ಕೋಲೂರಿ ಎದ್ದಳು. ಎಂಬತ್ತೆರಡು ವರ್ಷದ ಮುದುಕಿ. ಕರಂಜವಾಡಿಯ ಚರ್ಚಿನಲ್ಲಿ ಪ್ರಭುಭೋಜನದ ಮೊದಲ ತುಂಡು ಯಾವತ್ತೂ ಆಕೆಗೇ. ಪಕ್ಕದವರು ಸರಿದು ದಾರಿ ಬಿಟ್ಟರು. ಆದರೆ ರೋಸಮ್ಮ ವೇದಿಯ ಕಡೆ ಬರಲಿಲ್ಲ. ಬೆನ್ನು ತಿರುಗಿಸಿ, ಫರಸಿಯ ಮೇಲೆ ಕೋಲು ಕುಟ್ಟುತ್ತ ಬಾಗಿಲು ದಾಟಿದಳು. ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ಅಲ್ಲಿಂದ ಆಕೆಯ ಬಿಳಿ ಸೆರಗು ಒಳಗಿನವರಿಗೆಲ್ಲ ಕಾಣುತ್ತಿತ್ತು.

 ಸುಜಿ ತಟ್ಟೆಯನ್ನು ಬಿಗಿಯಾಗಿ ಹಿಡಿದಳು. ಮೊಣಕಾಲೂರಿದವರ ಅಂಗೈಗೆ ಒಂದೊಂದೇ ತುಂಡು ಇಟ್ಟಳು, ದ್ರಾಕ್ಷಾರಸದ ಪುಟ್ಟ ಲೋಟಗಳನ್ನು ಕೊಟ್ಟಳು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ, ಉಳಿದ ತುಂಡನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಂಡಳು. ಪಾಸ್ಟರ್ ಆಗಿ ಇದು ಅವಳ ಮೊದಲ ಪ್ರಭುಭೋಜನ.

ಆರಾಧನೆ ಮುಗಿದು ಜನ ಚದುರಿದ ಮೇಲೆ ಸಭೆಯ ಕಾರ್ಯದರ್ಶಿ ಜಾಕ್ಸನ ಮಾಸ್ತರರು ಹತ್ತಿರ ಬಂದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು ಇಟ್ಟುಕೊಳ್ಳುವ ಮನುಷ್ಯ.

"ಮನಸ್ಸಿಗಿ ಹಚ್ಕೋಬ್ಯಾಡ್ರಿ ಅಯ್ಯನೋ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಊರಿನಲ್ಲಿ ಪಾಸ್ಟರಿಗೆ ಅಯ್ಯನೋರು ಅನ್ನುತ್ತಿದ್ದರು, ಪಾಸ್ಟರರ ಹೆಂಡತಿಗೆ ಅಮ್ಮನೋರು. ಸುಜಿಗೆ ಎರಡೂ ಕೂಡುತ್ತಿರಲಿಲ್ಲ. "...ಮೇಡಂ. ಖರೇ ಹೇಳ್ತೇನ್ರಿ. ಗಂಡಸರು ಗೊಣಗಿದ್ರ ನಡೀತದ. ಆದರ ಆ ಮುದುಕಿ ಎದ್ದು ಹೋದ್ರ ಹಿಂದ ಹೆಣ್ಮಕ್ಕಳೂ ಏಳ್ತಾರ. ನವೆಂಬರದಾಗ ಜಿಲ್ಲಾದ ಸಭೆಗಳ ಮೇಲ್ವಿಚಾರಕರು ಬರೋರಿದ್ದಾರ. ಅವರ ಕಣ್ಣ ಮುಂದ ಹಿಂಗಾದ್ರ ನಿಮ್ಮನ್ನ ಇಲ್ಲಿ ಇಡಂಗಿಲ್ಲ."

"ಆಯಿಗೆ ನಾ ಏನು ಮಾಡೀನ್ರಿ ಸರ್?"

"ಏನೂ ಮಾಡಿಲ್ರಿ. ಬಂದೀರಲ್ಲ, ಅಷ್ಟೇ."

ಮೂವತ್ಮೂರರ ಸುಜಿ ಬೀದರಿನ ನೌಬಾದದವಳು. ತಂದೆ ಮಾರ್ಕ, ಜೀಪು ಓಡಿಸುತ್ತಿದ್ದವರು. ಹನ್ನೆರಡನೆಯ ವಯಸ್ಸಿಗೇ ಅವಳು ಪ್ರಭುಭೋಜನದ ಮಾತುಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು, ಭಾಂಡೆ ತಿಕ್ಕುತ್ತ ಹೇಳಿಕೊಳ್ಳುತ್ತಿದ್ದಳು. "ಅವು ಹೆಣ್ಮಕ್ಕಳು ಆಡೋ ಮಾತಲ್ಲ" ಎಂದು ತಾಯಿ ಬೆನ್ನಿಗೆ ಗುದ್ದಿದ್ದಳು. ಸಿಕ್ಕ ನರ್ಸಿಂಗ್ ಸೀಟು ಬಿಟ್ಟು ಪಾಸ್ಟರ್ ಓದಿಗೆ ಹೋದಾಗ ಮನೆಯಲ್ಲಿ ಆರು ತಿಂಗಳು ಮಾತಿಲ್ಲ. ಗೊತ್ತಾಗಿದ್ದ ಸಂಬಂಧವೂ ಮುರಿಯಿತು. "ಗಂಡನ ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಮಾಡೋ ಸೊಸಿ ನಮಗ ಬ್ಯಾಡ್ರಿ" ಎಂದು ಹುಡುಗನ ತಾಯಿ ಹೇಳಿ ಕಳಿಸಿದ್ದಳು. ಭಾಲ್ಕಿಯಲ್ಲಿ ಐದು ವರ್ಷ ಹಿರಿಯ ಪಾಸ್ಟರರ ಕೈಕೆಳಗೆ ಮಕ್ಕಳಿಗೆ ಹಾಡು ಕಲಿಸುವುದು, ಹೆಂಗಸರ ಸಂಘ ನಡೆಸುವುದು. ಕೊನೆಗೊಮ್ಮೆ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡಿದರು. ಕೊಟ್ಟದ್ದು ಔರಾದಿನಿಂದ ಎಂಟು ಕಿಲೋಮೀಟರು ಒಳಗಿನ ಕರಂಜವಾಡಿ. ಯಾರೂ ಕೇಳಿ ಪಡೆಯದ ಊರು. "ಮೂರು ವರ್ಷ ಚಂದ ನಡೆಸು, ಆಮ್ಯಾಲ ಬೀದರಿನ ದೊಡ್ಡ ಸಭೆಗೆ ನಿನ್ನ ಹೆಸರು ಹೇಳ್ತೇನಿ" ಎಂದಿದ್ದರು ಮೇಲ್ವಿಚಾರಕರು. ಸುಜಿ ಆ ಮಾತನ್ನು ಮರೆತಿರಲಿಲ್ಲ. ದೊಡ್ಡ ಸಭೆ ಬೇಕೆಂದು ಬಯಸುವುದಕ್ಕೆ ಅವಳಿಗೆ ನಾಚಿಕೆಯೂ ಇರಲಿಲ್ಲ.

ಪಾಸ್ಟರರ ಮನೆಯನ್ನು ಗಂಡ ಹೆಂಡತಿ ಇಬ್ಬರು ಇರುವರೆಂದೇ ಕಟ್ಟಿದ್ದರು. ಹೊರಗಿನ ಖೋಲಿ ಅಯ್ಯನೋರದು, ಒಳಗಿನದು ಅಮ್ಮನೋರದು. ಗಂಡಸರು ಹೊರಗಿನ ಖೋಲಿಗೆ ಬರಲು ಸಂಕೋಚಪಟ್ಟರು, ಹೆಂಗಸರು ಒಳಗಿನದಕ್ಕೆ ಬರಲು ಹೆದರಿದರು. ಒಣದ್ರಾಕ್ಷಿ ನೆನೆಸಿ, ಕುದಿಸಿ, ಸೋಸಿ ಪ್ರಭುಭೋಜನದ ರಸ ಮಾಡುವುದು ಈಚಿನ ವರ್ಷಗಳಲ್ಲಿ ಅಮ್ಮನೋರ ಕೆಲಸ. ಸುಜಿ ಶನಿವಾರ ಒಬ್ಬಳೇ ಒಲೆಯ ಮುಂದೆ ಕೂತು ಅದನ್ನೂ ಮಾಡುತ್ತಿದ್ದಳು. ರೈತ ನೋಹನ ಮನೆಯ ನಿಶ್ಚಿತಾರ್ಥದಲ್ಲಿ ಪ್ರಾರ್ಥನೆ ಮುಗಿಸಿ ಅಡಿಗೆಮನೆಗೆ ಹೋದರೆ, ನಗುತ್ತ ಪೂರಿ ಲಟ್ಟಿಸುತ್ತಿದ್ದ ಹೆಂಗಸರು ಸುಮ್ಮನಾಗಿ ತಲೆಯ ಮೇಲೆ ಸೆರಗೆಳೆದುಕೊಂಡರು. "ನೀವ್ಯಾಕ ಇಲ್ಲಿ ಬಂದ್ರಿ? ಹೊರಗ ಕುಂದರ್ರಿ" ಎಂದರು. ಹೊರಗೆ ಗಂಡಸರು ಅವಳಿಗಾಗಿ ಒಂದು ಕುರ್ಚಿ ಹಾಕಿದ್ದರು. ಅವರ ಸಾಲಿಗೂ ಸೇರದಂತೆ, ಹೆಂಗಸರ ಜಮಖಾನಕ್ಕೂ ಸೇರದಂತೆ, ನಟ್ಟನಡುವೆ. ಅವಳು ಅಲ್ಲೇ ಕೂತು ಉಂಡಳು.

ಸೆಪ್ಟೆಂಬರಿನ ಮೊದಲ ಭಾನುವಾರ, ತಿಂಗಳಿಗೊಮ್ಮೆಯ ಪ್ರಭುಭೋಜನದ ಹೊತ್ತಿಗೆ, ರೋಸಮ್ಮ ಮತ್ತೆ ಎದ್ದು ಹೋದಳು. ಆಕೆಯ ಹಿಂದೆ ನಾಲ್ವರು ಹೆಂಗಸರು ಎದ್ದರು.

ಅಂದು ಮಧ್ಯಾಹ್ನವೇ ಸುಜಿ ಮುದುಕಿಯ ಮನೆಗೆ ಹೋದಳು. ರೋಸಮ್ಮ ಮದುವೆಯಾದವಳಲ್ಲ. ನಲವತ್ತು ವರ್ಷ ಊರೂರು ತಿರುಗಿ ಹೆಂಗಸರಿಗೆ ಅಕ್ಷರ ಕಲಿಸಿ, ಬೈಬಲ್ ಓದಿ ಹೇಳಿ, ಬಾಣಂತಿಯರ, ಸಾಯುವವರ ಪಕ್ಕ ಕೂತವಳು. ಈಗ ತಂಗಿಯ ಮೊಮ್ಮಗಳು ಸ್ವೀಟಿ ಅವಳನ್ನು ನೋಡಿಕೊಳ್ಳುತ್ತಿದ್ದಳು, ಔರಾದಿನಲ್ಲಿ ನರ್ಸು.

"ಆಯಿ, ನನ್ನಿಂದ ತಪ್ಪಾಗಿದ್ರ ಹೇಳ್ರಿ."

ಹೊರಸಿನ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ರೋಸಮ್ಮ ತಲೆಯೆತ್ತಲಿಲ್ಲ. "ಹೆಣ್ಣಿನ ಕೈಲೆ ತಗೋಬಾರ್ದಂತ ನನಗ ಕಲಿಸ್ಯಾರ. ಕಲ್ತದ್ದು ಮರೀಲಾಕ ನನ್ನಿಂದ ಆಗಂಗಿಲ್ಲ. ಚಾ ಕುಡೀತಿಯೇನು?"

ಚಹ ಬಂತು. ಇಬ್ಬರೂ ಕುಡಿದರು. ಮನೆಗೆ ಬಂದು ಸುಜಿ ವರ್ಗಾವಣೆ ಕೇಳಿ ಅರ್ಜಿ ಬರೆಯತೊಡಗಿದಳು. ಎರಡು ಸಾಲು ಬರೆದು, ಮೂರನೆಯದು ತೋಚದೆ, ಕಾಗದವನ್ನು ಹಾಗೇ ಮಡಿಚಿಟ್ಟಳು.

ಅಕ್ಟೋಬರಿನಲ್ಲಿ ರೋಸಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬೀದರಿಗೆ ಒಯ್ದರು. ಈ ವಯಸ್ಸಿನಲ್ಲಿ ಆಪರೇಷನ್ ತಡೆಯುವುದಿಲ್ಲವೆಂದು ಡಾಕ್ಟರು ಕೈ ಚೆಲ್ಲಿದರು. ವಾರದ ಮೇಲೆ ಮನೆಗೆ ತಂದರು. ಮೂರನೆಯ ದಿನ ಸ್ವೀಟಿ ಪಾಸ್ಟರರ ಮನೆಯ ಬಾಗಿಲಿಗೆ ಬಂದು ನಿಂತಳು.

"ಆಯಿ ನಿಮಗ ಕರೀಲತ್ಯಾಳ್ರಿ. ಡಬ್ಬಿ ತಗೊಂಡು ಬಾ ಅಂದಾಳ."

ಡಬ್ಬಿಯೆಂದರೆ ಹಾಸಿಗೆ ಹಿಡಿದವರಿಗೆ ಪ್ರಭುಭೋಜನ ಒಯ್ಯುವ ಪುಟ್ಟ ಮರದ ಪೆಟ್ಟಿಗೆ. ಸುಜಿ ಚಪ್ಪಲಿ ಮೆಟ್ಟುತ್ತ ಕೇಳಿದಳು, "ಭಾಲ್ಕಿ ಅಯ್ಯನೋರಿಗೆ ಫೋನ್ ಮಾಡ್ಲೇನು? ಸಂಜಿಗಿ ಬರ್ತಾರ."

"ನಾನೂ ಅದೇ ಕೇಳ್ದೆ. ಬೈದ್ಳ್ರಿ."

ರೋಸಮ್ಮನ ಮನೆಯಲ್ಲಿ ಜಾಕ್ಸನ ಮಾಸ್ತರರು ಆಗಲೇ ಬಂದಿದ್ದರು. ಸುಜಿಯನ್ನು ಕಂಡು ಎದ್ದು ಬಾಗಿಲ ಬಳಿ ಸರಿದು ನಿಂತರು. ಮುದುಕಿ ಒಂದು ಹಿಡಿಯಷ್ಟಾಗಿದ್ದಳು. ಕಣ್ಣು ಮಾತ್ರ ಮೊದಲಿನಂತೆಯೇ ಚೂಪಾಗಿದ್ದವು.

"ಕುಂದ್ರು. ಮೊದಲ ನಾ ಹೇಳೋದು ಕೇಳು" ಎಂದಳು. ಉಸಿರು ಕೂಡಿಸಿಕೊಂಡು, ನಿಂತು ನಿಂತು ಹೇಳಿದಳು.

"ನನಗ ಆಗ ಇಪ್ಪತ್ತಾರು. ಹಳ್ಳದಾಚಿ ಊರಾಗ ಒಂದು ಹೆರಿಗಿ. ಕೂಸು ನೀಲಿ ಆಗಿತ್ತು. ತಾಯಿ ನನ್ನ ಕಾಲು ಹಿಡ್ಕೊಂಡ್ಳು, ಹೆಸರಿಡು ಅಕ್ಕಾ, ನೀರು ಹಾಕು ಅಕ್ಕಾ ಅಂತ. ಅಯ್ಯನೋರು ಈ ದಂಡಿಗಿ, ಹಳ್ಳ ತುಂಬಿ ಹರೀಲತ್ತಿತ್ತು. ನಾನೇ ದೀಕ್ಷಾಸ್ನಾನ ಕೊಟ್ಟೆ. ಕೂಸು ನನ್ನ ಕೈಯಾಗೇ ಹೋಯ್ತು. ಎರಡು ದಿನ ಬಿಟ್ಟು ಅಯ್ಯನೋರು ಬಂದ್ರು. ನೀ ಹಾಕಿದ್ದು ಬರೀ ನೀರು, ಅದು ಹಿಡಿಯಂಗಿಲ್ಲ ಅಂದ್ರು. ಭಾನುವಾರ ಇಡೀ ಸಭೆ ಮುಂದ ನನ್ನ ನಿಂದ್ರಿಸಿ, ಪಾಪ ಮಾಡೀನಿ ಅಂತ ಹೇಳಿಸಿದ್ರು. ಹೇಳ್ದೆ. ಆ ತಾಯಿ ಹಿಂದಿನ ಸಾಲಿನಾಗ ಕೂತು ಕೇಳಿದ್ಳು."

ಸ್ವೀಟಿ ಚಮಚದಿಂದ ನೀರು ಕುಡಿಸಿದಳು.

"ನನ್ನ ಓದಸ್ರಿ, ನಾನೂ ಅಯ್ಯನೋರ ಓದು ಓದ್ತೇನಿ ಅಂತ ಕೇಳಿದ್ದೆ. ನಕ್ರು. ನಲವತ್ತು ವರ್ಷ ರೊಟ್ಟಿ ನಾ ಬೇಯಿಸ್ದೆ, ರಸ ನಾ ಕಾಸಿದೆ, ಲೋಟ ನಾ ತೊಳ್ದೆ. ಸಾಯೋರಿಗೆ ರಾತ್ರಿ ಹಗಲು ನಾ ಕೈ ಹಿಡೀತಿದ್ದೆ. ಅಯ್ಯನೋರು ಬಂದು ಅವರಿಗೆ ರೊಟ್ಟಿ ಕೊಡೋ ಹೊತ್ತಿಗಿ ಎದ್ದು ಹೊರಗ ನಿಂದರ್ತಿದ್ದೆ. ಕೊಡೋರು ಬ್ಯಾರೆ." ಆಕೆ ಸುಜಿಯ ಮುಖ ನೋಡಿದಳು. "ನೀ ತಟ್ಟಿ ಎತ್ತಿದ್ದು ನೋಡಿ ನನ್ನ ಹೊಟ್ಟಿ ಉರೀತು. ಕಲಿಸ್ಯಾರ ಅಂದದ್ದು ಸುಳ್ಳು. ಕೂತು ನೋಡ್ಲಾಕ ಆಗ್ಲಿಲ್ಲ, ಅದಕ್ಕ ಎದ್ದು ಹೋದೆ."

 ಸುಜಿ ಪೆಟ್ಟಿಗೆ ತೆರೆದು, ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ತಟ್ಟೆ ಲೋಟ ಇಟ್ಟಳು. ರೊಟ್ಟಿಯನ್ನು ಎತ್ತಿಕೊಳ್ಳುವಷ್ಟರಲ್ಲಿ ರೋಸಮ್ಮ ಕೇಳಿದಳು:

"ನಿನಗ ಯಾರು ಕೊಡ್ತಾರ?"

"ಎಲ್ಲರದೂ ಆದ ಮ್ಯಾಲ ನಾನೇ ತಗೋತೇನ್ರಿ ಆಯಿ."

"ಅಂದ್ರ ಯಾರೂ ಕೊಡಂಗಿಲ್ಲ."

"ಇಲ್ರಿ."

ಮುದುಕಿ ಕೌದಿಯ ಒಳಗಿಂದ ಕೈ ಹೊರತೆಗೆದಳು. "ಇಲ್ಲಿ ತಾ ಅದನ್ನ."

ಸುಜಿ ಬಾಗಿಲ ಕಡೆ ನೋಡಿದಳು. ಜಾಕ್ಸನ ಮಾಸ್ತರರು ನೆಟ್ಟಗೆ ನಿಂತು ನೋಡುತ್ತಿದ್ದರು. ಅಭಿಷೇಕವಾಗದವರು ಪ್ರಭುಭೋಜನ ಕೊಡಬಾರದು; ಆ ನಿಯಮಕ್ಕೆ ಸುಜಿ ಬಿಷಪ್ಪರ ಎದುರು ಸಹಿ ಹಾಕಿದ್ದಳು, ಮಾಸ್ತರರಿಗೆ ಅದು ಬಾಯಿಗೇ ಬರುತ್ತಿತ್ತು. ಬೀದರಿನ ದೊಡ್ಡ ಸಭೆಯ ಚಿತ್ರ ಒಂದು ಕ್ಷಣ ಅವಳ ಕಣ್ಣ ಮುಂದೆ ಬಂತು: ಎತ್ತರದ ಕಿಟಕಿಗಳು, ತುಂಬಿದ ಬೆಂಚುಗಳು. ಅವಳು ತಟ್ಟೆಯನ್ನು ರೋಸಮ್ಮನ ಎದೆಯ ಮೇಲಿಟ್ಟು, ಜಾರದಂತೆ ಅಡಿಯಲ್ಲಿ ತನ್ನ ಕೈ ಕೊಟ್ಟಳು.

ರೋಸಮ್ಮ ಕಣ್ಣು ಮುಚ್ಚಿ ಪ್ರಭುಭೋಜನದ ಮಾತುಗಳನ್ನು ಹೇಳತೊಡಗಿದಳು. ಮೊದಲಿನಿಂದ ಕೊನೆಯ ತನಕ, ಒಂದು ಪದ ಬಿಡದೆ, ಒಂದು ಪದ ಹಿಂದು ಮುಂದಾಗದೆ. ರೊಟ್ಟಿ ಮುರಿಯಲು ಬೆರಳಲ್ಲಿ ಕಸುವಿರಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಮುರಿಯಿತು. ಸುಜಿ ಹೊರಸಿನ ಪಕ್ಕ ಮೊಣಕಾಲೂರಿ ಅಂಗೈ ಚಾಚಿದಳು.

"ತಗೋ ಮಗಾ" ಎಂದಳು ಮುದುಕಿ.

ಆಮೇಲೆ ಸುಜಿ ಆಕೆಗೆ ಕೊಟ್ಟಳು. ರೋಸಮ್ಮ ಸಣ್ಣ ಮಗುವಿನಂತೆ ಬಾಯಿ ತೆರೆದಳು.

ಹೊರಗೆ ಬಂದಾಗ ಮಾಸ್ತರರು ಅಂಗಳದ ತುದಿಯವರೆಗೆ ಜೊತೆಗೆ ನಡೆದರು. "ನಾ ಕಾರ್ಯದರ್ಶಿ ಇದ್ದೀನ್ರಿ. ಕಂಡದ್ದು ಬರೀಬೇಕಾಗ್ತದ" ಎಂದರು.

"ಬರೀರಿ, ಸರ್."

ಎಂಟು ದಿನಕ್ಕೆ ರೋಸಮ್ಮ ತೀರಿಕೊಂಡಳು. ಮಣ್ಣಿಗೆ ಔರಾದಿನಿಂದ, ಹಳ್ಳದಾಚೆಯ ಊರುಗಳಿಂದ ಜನ ಬಂದರು. ಪ್ರಾರ್ಥನೆ ಸುಜಿಯೇ ಹೇಳಿದಳು. ಯಾರೂ ಎದ್ದು ಹೋಗಲಿಲ್ಲ.

ನವೆಂಬರಿನಲ್ಲಿ ಬರಬೇಕಿದ್ದ ಮೇಲ್ವಿಚಾರಕರು ಬರಲಿಲ್ಲ. ಅವಳನ್ನೇ ಬೀದರಿಗೆ ಕರೆಸಿಕೊಂಡರು. ಮೇಜಿನ ಮೇಲಿದ್ದ ಕಾಗದವನ್ನು ಅವಳ ಕಡೆ ಸರಿಸಿ, "ಇದು ಖರೇನೇನು?" ಎಂದರು. ಮಾಸ್ತರರ ದುಂಡಗಿನ ಅಕ್ಷರ. ದಿನಾಂಕ, ಹೊತ್ತು, ನಡೆದದ್ದು, ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಬರೆದಿದ್ದರು. ಸಹಿಯ ಮೇಲೆ ಕಡೆಯ ಸಾಲು: "ನಾನು ಅಲ್ಲಿಯೇ ಇದ್ದೆ. ತಡೆಯಲಿಲ್ಲ."

"ಖರೇ ಅದ್ರಿ" ಎಂದಳು ಸುಜಿ.

"ತಪ್ಪಾಯ್ತು ಅಂತ ಒಂದು ಸಾಲು ಬರ್ದು ಕೊಡು. ಇಲ್ಲಿಗೇ ಮುಗಿಸ್ತೇನಿ. ದೊಡ್ಡ ಸಭೆಯ ಪಟ್ಟಿಯಾಗ ನಿನ್ನ ಹೆಸರು ಉಳೀತದ."

ಅವರು ಪೆನ್ನನ್ನೂ ಮುಂದಿಟ್ಟರು. ಹೊರಗೆ ರಸ್ತೆಯಲ್ಲಿ ಆಟೋಗಳ ಸದ್ದು. ಸುಜಿ ಪೆನ್ನು ಮುಟ್ಟಲಿಲ್ಲ. "ಅದು ನನ್ನಿಂದ ಆಗಂಗಿಲ್ರಿ" ಎಂದಳು. ಮೇಲ್ವಿಚಾರಕರು ಪೆನ್ನನ್ನು ತಿರುಗಿ ಕಿಸೆಗೆ ಸೇರಿಸಿದರು. ಕೆಟ್ಟ ಮನುಷ್ಯರೇನಲ್ಲ. "ಸರಿ, ಕರಂಜವಾಡಿಯಾಗೇ ಇರು. ಎಷ್ಟು ವರ್ಷ ಅಂತ ನಾ ಹೇಳಂಗಿಲ್ಲ" ಎಂದು ಫೈಲು ಮುಚ್ಚಿದರು.

ಡಿಸೆಂಬರಿನ ಮೊದಲ ಭಾನುವಾರ ಹೆಂಗಸರೆಲ್ಲ ಮುಂದೆ ಬಂದು ಮೊಣಕಾಲೂರಿದರು. ಎಲ್ಲರೂ ಹಿಂದಿರುಗಿದ ಮೇಲೆ ಕಡೆಯ ತುಂಡನ್ನು ಸುಜಿ ತಾನೇ ಎತ್ತಿಕೊಂಡಳು.

ಬೀದರಿಗೆ ವರ್ಗವಾಗಿದ್ದ ಸ್ವೀಟಿ ಮಾರನೆಯ ದಿನ ಎರಡು ಚೀಲ, ಒಂದು ಟ್ರಂಕು ಹಿಡಿದು ಹೊರಟಳು. ಸುಜಿ ಬಸ್ಸಿನವರೆಗೆ ಬಂದು ಟ್ರಂಕು ಎತ್ತಿಸಿದಳು. ಕಿಟಕಿಯ ಬಳಿ ಕೂತ ಸ್ವೀಟಿ ಕೈ ಚಾಚಿ ಅವಳ ಮುಂಗೈ ಹಿಡಿದು ಬಿಟ್ಟಳು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ, "ಏನ್ರೀ ಅಕ್ಕೋರೆ, ಹತ್ತೋದಿಲ್ಲೇನು? ಬೀದರ, ಬೀದರ!"

"ಇಲ್ಲಪ್ಪ. ನಾ ಇಲ್ಲೇ ಇರಾಕಿ."

ಬಸ್ಸು ತಿರುವು ದಾಟಿತು. ಎರಡೂ ಕಡೆ ತೊಗರಿ ಹೊಲಗಳು ಹಳದಿ ಹೂ ಹೊತ್ತು ನಿಂತಿದ್ದವು. ಎದ್ದ ಕೆಂಪು ಧೂಳು ಮೆಲ್ಲಗೆ ಆ ಹೂಗಳ ಮೇಲೆ ಇಳಿಯುತ್ತಿತ್ತು. ಪೂರ್ತಿ ಇಳಿಯುವ ತನಕ ಸುಜಿ ಅಲ್ಲೇ ನಿಂತಿದ್ದಳು.