ಕೆಂಪು ದಾರದ ಕಡೆ

"ಈ ಸಲಾನೂ ಕೆಂಪು ದಾರದ ಕಡೇನೇ ಗೆದ್ದಿದ್ದು ಕಣೇ! ನೀಲಿ ಕಡೆ ಎಲೆ ಹಂಗೇ ಉಳ್ಕೊಂಡಿದೆ," ಎನ್ನುತ್ತ ಕುನಿಹಿಕೊ ಹುಳುಮನೆಯಿಂದ ಹೊರಗೆ ಬಂದ. "ಸಂಜೆ ಹಾವುಮೀನಿನ ಊಟ ನೀನೇ ಹಾಕಿಸ್ಬೇಕು."

ಚಹಾದ ಬಟ್ಟಲು ಹಿಡಿದಿದ್ದ ಚಿಗುಸಾ ನಗಲು ನೋಡಿದಳು. ಆಗಲಿಲ್ಲ.

ತಾಯಿಹುಳು ಯಾವ ಹಿಪ್ಪುನೇರಳೆ ಮರದ ಎಲೆ ತಿಂದಿತ್ತೋ ಅದೇ ಮರದ ರುಚಿಯನ್ನು ಮರಿಯೂ ಹುಡುಕಿಕೊಂಡು ಹೋಗುತ್ತದೆ ಎಂಬುದು ಅವಳ ಊಹೆ. ಜಪಾನಿನ ನಾಗಾನೊದ ರೇಷ್ಮೆ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅದಕ್ಕೆ ನಕ್ಕಿದ್ದರು, ಕುನಿಹಿಕೊ ಒಬ್ಬನನ್ನು ಬಿಟ್ಟು. ಹುಳುಗಳ ತಟ್ಟೆಯಲ್ಲಿ ಕೆಂಪು ದಾರ ಕಟ್ಟಿದ ಬದಿಗೆ ಅವಳು ತಾಯಿಮರದ ಎಲೆ ಹರಡುವುದು, ನೀಲಿ ಬದಿಗೆ ಬೇರೆ ಮರದ್ದು. ತಿಂದು ಉಳಿದದ್ದನ್ನು ಅವನು ತೂಗುವುದು. ತನ್ನ ಆಸೆಗಣ್ಣು ತೂಕ ತಪ್ಪಿಸೀತೆಂದು ಅವಳೇ ತಕ್ಕಡಿಯನ್ನು ಅವನ ಕೈಗೆ ಕೊಟ್ಟಿದ್ದಳು. ಯಾವ ದಾರ ಯಾವ ಮರದ್ದೆಂದು ಮಾತ್ರ ಅವನಿಗೆ ಹೇಳಬಾರದಿತ್ತು. ಓದುವ ಕಾಲದ ಗೆಳೆಯನಿಂದ ಮುಚ್ಚಿಡುವುದೇನು ಎಂದು ಹೇಳಿಬಿಟ್ಟಿದ್ದಳು.

ಊಹೆ ಪ್ರತಿ ಸಲವೂ ಗೆದ್ದಿತು. ಪ್ರಬಂಧವೂ ಸಿದ್ಧವಾಯಿತು. ಕಳಿಸುವ ಮುನ್ನ ಕೊನೆಯದೊಂದು ಪರೀಕ್ಷೆ ಇರಲೆಂದು ಇಂದು ಬೆಳಿಗ್ಗೆ ಯಾರಿಗೂ ಹೇಳದೆ ಎರಡೂ ಬದಿಗೆ ಒಂದೇ ಮರದ ಎಲೆ ಹಾಕಿದ್ದಳು. ಹುಳುಗಳು ಕಿಟಕಿಯ ಬೆಳಕಿಗೆ ಕೆಂಪು ದಾರದ ಕಡೆ ವಾಲುತ್ತಿರಬಹುದೇ ಎಂಬ ಅನುಮಾನ ಅವಳದು. ಅವನ ಮೇಲಂತೂ ಅಲ್ಲ.

ಒಳಗೆ ಹೋಗಿ ನೋಡಿದಳು. ಎರಡೂ ಬದಿಯಲ್ಲಿ ಒಂದಿಷ್ಟು ದಂಟು, ಒಂದಿಷ್ಟು ಎಲೆಚೂರು. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ.

"ಕುನಿಹಿಕೊ, ಇವತ್ತು ಎರಡು ಕಡೆಗೂ ಒಂದೇ ಮರದ್ದು ಹಾಕಿದ್ದೆ."

ಬಾಗಿಲಲ್ಲಿ ನಿಂತವನ ಮುಖ ಬಿಳಿಚಿಕೊಂಡಿತು.

"ಮೊದಲನೇ ಸಲಾನೇ ಎರಡೂ ಸಮ ಬಂತು ಕಣೇ. ನಿನ್ ಮುಖ ನೋಡಿ ಹೇಳೋಕಾಗ್ಲಿಲ್ಲ, ತೂಕ ಬದ್ಲಾಯಿಸಿ ಹೇಳ್ದೆ. ಎಲ್ಲ ನಗ್ತಿದ್ರಲ್ಲ..."

"ಅವ್ರು ಎದುರಿಗೇ ನಕ್ರು. ನೀನು ಸುಳ್ಳು ಅಂತ ಗೊತ್ತಿದ್ದೂ ನನ್ ಜೊತೆ ಕೂತು ಖುಷಿಪಟ್ಟೆ."

"ನಿಂಗೋಸ್ಕರಾನೇ ಮಾಡಿದ್ದು."

"ಸುಳ್ಳಾಗಿದ್ರೆ ಇನ್ನೊಂದು ಊಹೆ ಮಾಡ್ತಿದ್ದೆ ಕಣೋ! ಅದೇ ತಾನೇ ನಮ್ ಕೆಲಸ? ಅಷ್ಟೂ ತಡ್ಕೊಳ್ಳಲ್ಲ ಅನ್ಕೊಂಡ್ಯಾ ನನ್ನ?"

ಊಹೆ ಸುಳ್ಳಾದದ್ದಕ್ಕಿಂತ, ಅದನ್ನು ತಾನು ತಾಳಲಾರೆನೆಂದು ಅವನು ಎಣಿಸಿದ್ದು ಅವಳನ್ನು ಹೆಚ್ಚು ಉರಿಸಿತು. ಇಷ್ಟು ವರ್ಷ ತನ್ನನ್ನು ನಂಬಿದವನು ಇವನೊಬ್ಬನೇ ಎಂದುಕೊಂಡಿದ್ದಳು. ಅವನು ತೂಗುತ್ತಿದ್ದ ತಕ್ಕಡಿಯನ್ನು ತನ್ನತ್ತ ಎಳೆದುಕೊಂಡಳು.

ಅವನ ಹೆಜ್ಜೆಗಳು ಅಂಗಳ ದಾಟಿದ ಮೇಲೆ ಚಿಗುಸಾ ಎರಡೂ ದಾರ ಬಿಚ್ಚಿದಳು. ತಾಯಿಮರದ ಹೊಸ ಎಲೆ ಒಂದು ಬದಿಗೆ, ಬೇರೆ ಮರದ್ದು ಇನ್ನೊಂದು ಬದಿಗೆ ಹರಡಿ, ಪಕ್ಕದಲ್ಲೇ ಕುಳಿತಳು. ಹುಳುಗಳು ತಲೆ ಎತ್ತಿದವು. ಆಮೇಲೆ ಎರಡೂ ಕಡೆಗೆ ಸಮನಾಗಿ ಹರಿದು ತಿನ್ನತೊಡಗಿದವು.