ಒದ್ದೆ ಹುಲ್ಲಿಗೆ ಬಿಟ್ಟ ಹಸು

ಮೇವು ಮುಗಿದಿತ್ತು. ಕೊಟ್ಟಿಗೆಯ ಎರಡು ಹಸುಗಳಲ್ಲಿ ಕರು ಹಾಕಿದ್ದು ಬೆಳಗಿನಿಂದ ಖಾಲಿ ಗೋದಲಿ ನೆಕ್ಕುತ್ತಿತ್ತು. ಅತ್ತೆಗೆ ಅದನ್ನು ನೋಡಲಾಗಲಿಲ್ಲ.

"ಹೊಲಕ್ಕೆ ಬಿಡ್ತೀನಿ ಕಣೇ."

"ಬೇಡ ಅತ್ತೆ," ಎಂದಳು ಸೊಸೆ. "ಈಗಷ್ಟೇ ನೀರು ಹಾಯಿಸಿದ್ದೀನಿ. ಹೊಲದಲ್ಲಿರೋ ಕುದುರೆ ಮೆಂತೆ ಮೇವು ಎಳೇದು, ಒದ್ದೆ ಬೇರೆ. ಹಸಿದ ದನ ಅದನ್ನ ಗಬಗಬ ತಿಂದ್ರೆ ಹೊಟ್ಟೆ ಉಬ್ಬುತ್ತಂತೆ. ಪಕ್ಕದ ಮನೆಯಿಂದ ಒಣಹುಲ್ಲು ತರ್ತೀನಿ, ತಡೀರಿ."

"ಯಾರು ಹೇಳಿದ್ದು?"

"ಪಶು ಡಾಕ್ಟರಮ್ಮ."

"ಅವಳು ಹುಟ್ಟೋ ಮುಂಚಿನಿಂದ ದನ ಸಾಕಿದ್ದೀನಿ. ಹಸಿರು ತಿಂದು ಯಾವ ಹಸು ಸತ್ತಿದೆ?"

ಸೊಸೆ ಅತ್ತ ಹೋದಳು. ಅತ್ತೆ ಇತ್ತ ಆ ಹಸುವಿನ ಹಗ್ಗ ಬಿಚ್ಚಿದರು.

ಹಸು ತಲೆ ಎತ್ತದೆ ಮೇಯಿತು. ಬದುವಿನ ಮೇಲೆ ಕೂತ ಅತ್ತೆಗೆ ಹೊಟ್ಟೆ ತುಂಬಿದಷ್ಟು ಖುಷಿ. ಆದರೆ ಸ್ವಲ್ಪ ಹೊತ್ತಿಗೆ ಹಸು ಮೇಯುವುದನ್ನು ಬಿಟ್ಟು ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳತೊಡಗಿತು. ಎಡ ಪಕ್ಕೆ ಉಬ್ಬಿ ತಮಟೆಯಂತೆ ಬಿಗಿಯಾಯಿತು. ಅತ್ತೆಯ ಕೂಗಿಗೆ ಸೊಸೆ ಹುಲ್ಲಿನ ಹೊರೆ ಎಸೆದು ಓಡಿಬಂದಳು, ಫೋನ್ ಮಾಡಿದಳು. ಡಾಕ್ಟರಮ್ಮ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಹಸು ಕೆಸರಿನಲ್ಲಿ ಬಿದ್ದು ಪ್ರಾಣ ಬಿಟ್ಟಿತ್ತು.

ಅದರ ಕರು ಬಂದು ಕೆಚ್ಚಲಿಗೆ ಬಾಯಿ ಹಾಕಿತು. ಅದನ್ನು ಎಳೆದು ಕಟ್ಟಲು ಯಾರಿಗೂ ಕೈ ಬರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅತ್ತೆಗೆ.

"ಹೊಟ್ಟೆಯೊಳಗೆ ನೊರೆ ಕಟ್ಟುತ್ತೆ ಅಮ್ಮಾ. ಗಾಳಿ ಹೊರಗೆ ಬರಲ್ಲ, ಉಸಿರಾಡೋಕಾಗಲ್ಲ."

"ಇವಳು ಹೇಳಿದ್ದಳು," ಎಂದರು ಅತ್ತೆ. "ನಾನೇ ಕೇಳಲಿಲ್ಲ." ಸೊಸೆ ಅವರ ಕೈ ಹಿಡಿದುಕೊಂಡಳು.

ಮನೆಯಲ್ಲಿ ಇನ್ನೊಂದು ಹಸು ಉಳಿದಿತ್ತು. ಅತ್ತೆ ಸೊಸೆ ಸೇರಿ ಹೊಲಕ್ಕೆ ಅಡ್ಡ ಬೇಲಿ ಕಟ್ಟಿ ಪಾಲು ಮಾಡಿದರು. ಒಂದು ಪಾಲಿನಲ್ಲಿ ಹಸು ಮೇಯುವಾಗ ಉಳಿದವು ಚಿಗುರುತ್ತವೆ. ನೀರು ಕಟ್ಟಿದ ಪಾಲಿಗೆ ದನ ಇಳಿಯುವುದಿಲ್ಲ. ಕೆಸರು ತುಳಿದರೆ ನೆಲ ಬಿಗಿದು ಹುಲ್ಲಿನ ಬೇರೂ ಸೊರಗುತ್ತದೆ. ಈಗ ಅತ್ತೆಯೇ ಮೊದಲು ಒಣಹುಲ್ಲು ಹಾಕುತ್ತಾರೆ, ಮಣ್ಣು ಮುಟ್ಟಿ ನೋಡಿ ಆಮೇಲೆ ಹಗ್ಗ ಬಿಚ್ಚುತ್ತಾರೆ. ಕರು ಅಂಬಾ ಅಂದರೆ ಮಾತ್ರ ಇವತ್ತಿಗೂ ಮುಖ ಬೇರೆಡೆ ತಿರುಗಿಸುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಹಸಿದ ದನವನ್ನು ಒದ್ದೆ ಮೇವಿಗೆ ಬಿಡಬೇಡಿ. ಮೊದಲು ಒಣಹುಲ್ಲು ತಿನ್ನಿಸಿ. ನೆಲ ಆರಲಿ, ಎಲೆಯ ನೀರು ಆರಲಿ. ಮೇಯಿಸಿದ ಜಾಗ ಮತ್ತೆ ಚಿಗುರಲು ಬಿಡಿ. ಎಡ ಪಕ್ಕೆ ಉಬ್ಬಿದ್ದು ಕಂಡರೆ ನೋಡೋಣ ಅಂತ ಕೂರಬೇಡಿ, ಕೂಡಲೇ ಪಶು ಡಾಕ್ಟರನ್ನು ಕರೆಯಿರಿ. ನಿಮ್ಮ ಕೊಟ್ಟಿಗೆಯ ಕರುವಿಗೆ ತಾಯಿ ಇರಲಿ.