ತಾಂಡೇಲರ ಮೌನವ್ರತ

ಗಂಗೊಳ್ಳಿಯಲ್ಲಿ ದೊಡ್ಡ ಬಾಯಿಗಳು ಎರಡು. ಒಂದು, ಹೊಳೆ ಕಡಲಿಗೆ ಸೇರುವ ಅಳಿವೆಬಾಯಿ. ಇನ್ನೊಂದು ನಾಗನ ಬಾಯಿ. ಅಳಿವೆಬಾಯಿಯಲ್ಲಾದರೂ ಆಗಾಗ ಹೂಳು ತುಂಬಿ ಬೋಟುಗಳು ತಡೆದು ನಿಲ್ಲುವುದುಂಟು. ನಾಗನ ಬಾಯಿಗೆ ಅಂಥ ತಡೆ ಬಂದದ್ದೇ ಇಲ್ಲ. ಆಯುಷ್ಯವಿಡೀ ತಾಂಡೇಲನಾಗಿ ಬೋಟಿನ ಚುಕ್ಕಾಣಿ ಹಿಡಿದವನು. ಕಡಲಲ್ಲಿ ತಾಂಡೇಲ ಹೇಳಿದ್ದೇ ಕಡೆಯ ಮಾತು. ದಡದಲ್ಲಿ ಕೂತ ಮೇಲೂ ಅವನಿಗೆ ಕಡೆಯ ಮಾತೇ ಬೇಕು, ಮೊದಲಿನದೂ ಬೇಕು, ನಡುವಿನದನ್ನೂ ಬಿಡಲಾರ.

ಅದರ ಫಲ ಉಂಡವನು ಮಗ ಅಶೋಕ. ಕೋಟದ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗಿಯ ಮಾವ ತನ್ನ ಹೊಸ ಬೋಟನ್ನು ತೋರಿಸಿದ. ಅಶೋಕನ ಅಪ್ಪಯ್ಯ ನಾಗ ಅದಕ್ಕೆ ಸುತ್ತು ಬಂದು, "ಬಣ್ಣ ಲಾಯ್ಕಿತ್. ಮುಳುಗುವತಿಗೆ ಚಂದ ಕಾಂತತ್" ಎಂದ. ಅದು ಮುಳುಗಿತು. ಬೋಟಲ್ಲ, ಸಂಬಂಧ. ಇನ್ನೊಂದು ಸಾಲಿಗ್ರಾಮದ್ದು. ಹುಡುಗಿಯ ತಂದೆ ಯಕ್ಷಗಾನ ಭಾಗವತಿಕೆಯ ಹುಚ್ಚಿನವರು, ಪ್ರೀತಿಯಿಂದ ಒಂದು ಪದ ಹಾಡಿದರು. ಅಪ್ಪಯ್ಯ ಅಡುಗೆಮನೆಯತ್ತ ಕತ್ತು ಚಾಚಿ, "ಹ್ವಾಯ್, ಬೆಕ್ಕಿಗೆ ಎಂತ ಆಯ್ತೆ?" ಎಂದು ಕೇಳಿದ.

ಈಗ ಮೂರನೆಯದು, ಬ್ರಹ್ಮಾವರದ್ದು. ಇದು ಹೋದರೆ ಅಶೋಕನಿಗೆ ಮದುವೆಯ ಮಾತೇ ಬೇಡವಾಗಿತ್ತು. ಯಾಕೆಂದರೆ ಈ ಹುಡುಗಿಯನ್ನು ಬೇರೆ ಯಾರೂ ತೋರಿಸಿದ್ದಲ್ಲ, ಅವನೇ ಕಂಡದ್ದು. ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ಕು, ಬಿಡುವಿನಲ್ಲಿ ಮಿಮಿಕ್ರಿ, ಇದು ಅಶೋಕನ ಬದುಕು. ನವ್ಯಶ್ರೀ ಪಾಠ ಮಾಡುವ ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ಸ್ಟಾರ್ಟ್ ಆಗದ ಡೀಸೆಲ್ ಎಂಜಿನ್ನಿನ ಕೆಮ್ಮು, ಹರಾಜು ಕೂಗುವವನ ಗಂಟಲು, ಕೊನೆಗೆ ಅಪ್ಪಯ್ಯನ ಬೈಗುಳ ಎಲ್ಲವನ್ನೂ ಒಂದೇ ಉಸಿರಿಗೆ ಮಾಡಿದ್ದ. ನವ್ಯಶ್ರೀ ಬಿಕ್ಕಳಿಕೆ ಬರುವವರೆಗೂ ನಕ್ಕಿದ್ದಳು. ನಕ್ಕವಳು ಆಮೇಲೆ ನಂಬರನ್ನೂ ಕೊಟ್ಟಿದ್ದಳು.

ಅವಳ ತಂದೆ ಪ್ರೇಮಾನಂದರು ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು. ಗೊತ್ತಿಲ್ಲ ಎಂಬ ಶಬ್ದವನ್ನು ಅಲ್ಲೇ ಬಿಟ್ಟು ಬಂದಿದ್ದರು. "ಚಾ ಕುಡಿಯೂಕೆ ಬಂದಾಗ ಎಲ್ಲರೂ ಒಳ್ಳೆಯವ್ರೇ. ಮನುಷ್ಯ ಬೆಳಿಗ್ಗೆ ಎದ್ದಾಗ ಹೇಗಿರ್ತಾನೆ, ಅದನ್ನ ನೋಡ್ಬೇಕು ಬಾಬಾ. ಕ್ರಿಸ್‌ಮಸ್ ರಜೆಗೆ ಎರಡೂ ಮನೆಯವ್ರು ಒಟ್ಟಿಗೆ ಹೋಗಿ ಇರುವ" ಎಂದರು. ಬೈಂದೂರಿನ ಶೇಖರ ಶೆಟ್ಟರು ಕೊಲ್ಲೂರಿನಾಚೆ ಘಟ್ಟದ ಮೇಲೆ ನಡೆಸುವ ಲಾಡ್ಜು ನಿಗದಿಯಾಯಿತು.

ಹೊರಡುವ ಮುನ್ನ ಅಮ್ಮ ಜಲಜ ಗಂಡನನ್ನು ಮೀನಿನ ಬುಟ್ಟಿಯ ಪಕ್ಕ ಕೂರಿಸಿದಳು.

"ಕಾಣಿ, ವಾಪಸ್ ಬಪ್ಪಲ್ಲಿವರೆಗೆ ನೀವ್ ಬಾಯ್ ಬಿಡೂಕಾಗ."

"ಉಂಬುಕೆ?"

"ಉಂಬುಕೆ ಬಿಡಿ. ಮಾತಾಡುಕಾಗ. ಗಂಗೆ ಮೇಲೆ ಆಣೆ ಹಾಕಿ."

ಅಪ್ಪಯ್ಯ ಕಡಲಿನ ಕಡೆ ಕೈ ಮುಗಿದು ಆಣೆ ಹಾಕಿದ. ಅಶೋಕ ಮಾತ್ರ ನಂಬಲಿಲ್ಲ.

ಆದರೆ ಪವಾಡ ನಡೆಯಿತು. ಅಶೋಕನ ಗೆಳೆಯ ಕಿಟ್ಟ ಟೆಂಪೋ ಟ್ರಾವೆಲರ್ ಬಿಡುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತ ಅಪ್ಪಯ್ಯ ತುಟಿ ಬಿಚ್ಚಲಿಲ್ಲ. ತಿರುವು ಬಂದಾಗೆಲ್ಲ ಕೈಯನ್ನು ಎಡಕ್ಕೆ, ಬಲಕ್ಕೆ ಬೀಸಿದ, ಅಷ್ಟೆ. "ಹ್ವಾಯ್ ತಾಂಡೇಲ್ರೆ, ಇದ್ ಬೋಟಲ್ಲ, ಇದ್ರಲ್ಲಿ ಬ್ರೇಕ್ ಇತ್!" ಎಂದು ಕಿಟ್ಟ ಗೋಗರೆದ. ಪ್ರೇಮಾನಂದರು ಹಿಂದಿನ ಸೀಟಿನಿಂದ ಮೆಚ್ಚಿದರು: "ನಿಮ್ಮ ಅಪ್ಪಯ್ಯ ಎಷ್ಟು ಸೈಲೆಂಟ್ ಮಾರಾಯ! ನನಗೆ ಬೇರೆಯೇ ಹೇಳಿದ್ರು." ನವ್ಯಶ್ರೀ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಘಟ್ಟ ಹತ್ತಿದ ಮೇಲೆ ಚಳಿ ಶುರುವಾಯಿತು. ಮೈಚಳಿ ಬಿಟ್ಟು ಮಾತಾಡಲೆಂದು ಬಂದವರಿಗೆ ಮೈಯೆಲ್ಲ ಚಳಿ. ಉಪ್ಪುಗಾಳಿಯಲ್ಲಿ ಬೆವರಿಯೇ ಬೆಳೆದ ಜನ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದು, ಅಮ್ಮ ತಂದಿದ್ದ ಒಣ ಸಿಗಡಿ ಚಟ್ನಿಯಲ್ಲಿ ಗಂಜಿ ಉಂಡು ಬೇಗ ಮಲಗಿದರು. ಐಸ್ ಪ್ಲಾಂಟಿನ ಅಶೋಕನೊಬ್ಬನಿಗೇ ಮನೆಯಲ್ಲಿದ್ದಂತೆ ಅನಿಸಿದ್ದು. "ನಾಳೆ ನಾನು ಮಾರ್ನಿಂಗ್ ವಾಕ್ ಹೋಗ್ತೇನೆ. ಶೆಟ್ರೆ, ದಾರಿ ಗೀರಿ ಹೇಳೋದು ಬೇಡ. ಮುಂಬೈಯ ದಾದರಿನ ಗರ್ದಿಯಲ್ಲೇ ದಾರಿ ತಪ್ಪದವನು ನಾನು" ಎಂದು ಪ್ರೇಮಾನಂದರು ಬಾಗಿಲು ಹಾಕಿಕೊಂಡರು.

ಬೆಳಗಿನ ಜಾವ ಲಾಡ್ಜು ನಡುಗಿತು. ಢಣ್! ಢಣ್! ಢಣಾ ಢಣ್!

ಅಶೋಕ ಕಂಬಳಿಯ ಸಮೇತ ಹೊರಗೋಡಿ ಬಂದ. ಜಗಲಿಯ ತುದಿಯಲ್ಲಿ ಅಪ್ಪಯ್ಯ ಕಾಲು ಅಗಲಿಸಿ, ಬೋಟಿನ ಮುಂಗಡೆಯಲ್ಲಿ ನಿಲ್ಲುವ ಹಾಗೆ ನಿಂತಿದ್ದ. ಎಡಗೈಯಲ್ಲಿ ಶೆಟ್ಟರ ಸ್ಟೀಲ್ ಹರಿವಾಣ, ಬಲಗೈಯಲ್ಲಿ ಸೌಟು. ಎದುರಿಗೆ ಕಣಿವೆ ಇರಲಿಲ್ಲ, ಗುಡ್ಡ ಇರಲಿಲ್ಲ, ಗೇಟೂ ಇರಲಿಲ್ಲ. ಬರೇ ಮಂಜು, ಹಾಲು ಚೆಲ್ಲಿದ ಹಾಗೆ.

ಅಶೋಕನಿಗೆ ಅರ್ಥವಾಯಿತು. ಮಂಜು ಮುಸುಕಿದಾಗ ಬೋಟಿನಲ್ಲಿ ಪಾತ್ರೆ ಬಡಿಯುತ್ತಾರೆ, ಎದುರಿಂದ ಬರುವ ಬೋಟು ಬಂದು ಗುದ್ದದಿರಲಿ ಎಂದು. ಜೊತೆಗೆ ಬೊಬ್ಬೆಯನ್ನೂ ಹೊಡೆಯುತ್ತಾರೆ.

"ಅಪ್ಪಯ್ಯ! ಇದ್ ಕಡಲಲ್ಲ, ಗುಡ್ಡೆ!"

ಅಪ್ಪಯ್ಯ ಸುತ್ತಮುತ್ತ ನೋಡಿ ಪಿಸುಗುಟ್ಟಿದ: "ಮಂಜಿಗೆ ಕಡಲ್ ಯಾವ್ದ್, ಗುಡ್ಡೆ ಯಾವ್ದ್ ಗೊತ್ತಿತಾ? ಆಣೆ ಹಾಕಿದ್ದೆ ಅಂದೇಳಿ ಬೊಬ್ಬಿ ಹೊಡಿಲಿಲ್ಲೆ. ಬಾಯ್ ಬಿಟ್ನಾ ನಾ?"

ಒಂದೊಂದೇ ಕೋಣೆಯ ದೀಪ ಹತ್ತಿತು. ಬೇರೆ ಅತಿಥಿಗಳು ಬಯ್ಯುವುದು ಕೇಳಿಸಿತು. ಮಂಗಳಾರತಿಯೇ ಎಂದು ಯಾರೋ ಒಳಗಿಂದ ವಿಚಾರಿಸಿದರು. ಅಶೋಕನ ಕಣ್ಣೆದುರು ಮೂರನೆಯ ಸಂಬಂಧವೂ ಮುಳುಗತೊಡಗಿತು. ಅವನು ಹಾರಿ ಹರಿವಾಣವನ್ನು ಕಸಿದುಕೊಂಡ.

ಸದ್ದು ನಿಂತಿತು. ಮರುಕ್ಷಣ ಮಂಜಿನ ಹೊಟ್ಟೆಯಿಂದ ಒಂದು ಕೀರಲು ದನಿ ಬಂತು.

"ಅರೇ ಬಾಬಾ! ನಿಲ್ಲಿಸ್ಬೇಡಿ! ಬಡೀರಿ! ಬಡೀರಿ ಮಾರಾಯ್ರೆ!"

ಇಷ್ಟೆಲ್ಲ ದನಿಗಳ ಅನುಕರಣೆ ಮಾಡುವ ಅಶೋಕನಿಗೂ ಆ ದನಿ ಯಾರದ್ದೆಂದು ಹೊಳೆಯಲಿಲ್ಲ. ಭಯ ಅದನ್ನು ಅಷ್ಟು ಬದಲಿಸಿತ್ತು. ಅಪ್ಪಯ್ಯ ಹರಿವಾಣವನ್ನು ಕಸಿದು ಮತ್ತೆ ಬಡಿದ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಮೊದಲು ಒಂದು ಮಂಕಿ ಕ್ಯಾಪು, ಹಿಂದೆ ಎರಡು ಕೈ, ಅದರ ಹಿಂದೆ ಪ್ರೇಮಾನಂದರು ನಾಲ್ಕು ಕಾಲಿನಲ್ಲಿ ಕಡಿದಾದ ದರೆ ಹತ್ತಿ ಬಂದರು. ಮೊಣಕಾಲಿನವರೆಗೆ ಕೆಸರು, ಒಂದೇ ಚಪ್ಪಲಿ, ಸ್ವೆಟರಿನ ತುಂಬ ಮುಳ್ಳು.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪಯ್ಯನ ತುಟಿ ಅದುರಿತು. ಒಳಗಿನಿಂದ ಒಂದು ಮಾತು, ಬಲೆಗೆ ಬಿದ್ದ ಅಂಜಲ್ ಮೀನಿನ ಹಾಗೆ ಒದ್ದಾಡುತ್ತ ಮೇಲೆ ಬರುತ್ತಿರುವುದು ಅಪ್ಪಯ್ಯನ ಗಂಟಲಲ್ಲೇ ಅಶೋಕನಿಗೆ ಕಂಡಿತು. ದಾದರಿನ ಗರ್ದಿ! ಬರುತ್ತದೆ ಈಗ! ಅವನು ಕಣ್ಣು ಮುಚ್ಚಿದ.

"ಚಾ ಕುಡೀತ್ರ್ಯಾ?" ಎಂದು ಕೇಳಿದ ಅಪ್ಪಯ್ಯ.

ಅಷ್ಟರಲ್ಲಿ ಶೆಟ್ಟರು, ಅಮ್ಮ, ನವ್ಯಶ್ರೀ, ಅರ್ಧ ಲಾಡ್ಜು ಜಗಲಿಗೆ ಬಂತು. ಪ್ರೇಮಾನಂದರು ಆಗಲೇ ಮೊಣಕಾಲಿಗೆ ಅಶೋಕನ ಕಂಬಳಿ ಎಳೆದುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅತಿಥಿಯೊಬ್ಬರು ಗದರಿದರು: "ಏನ್ರೀ ಇದು ಗಲಾಟೆ?"

"ಗಲಾಟೆಯಾ?" ಪ್ರೇಮಾನಂದರು ಎದ್ದರು. ಕಂಬಳಿ ಜಾರಿ ಕೆಸರು ಕಂಡಿತು, ಮತ್ತೆ ಕೂತರು. "ಇದು ನಮ್ಮವರ ಪದ್ಧತಿ. ಸಂಬಂಧ ಕೂಡುವಾಗ ಹುಡುಗನ ಅಪ್ಪ ಬೆಳಿಗ್ಗೆ ಹರಿವಾಣ ಬಡೀಬೇಕು. ಎಲ್ಲರಿಗೂ ಗೊತ್ತಿರುವ ವಿಷಯ!"

ಅಮ್ಮ ಬಾಯಿ ತೆರೆದಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅಪ್ಪಯ್ಯ ಇನ್ನೊಬ್ಬರಿಗೆ ಬಾಯಿ ಮುಚ್ಚಲು ಕೈಸನ್ನೆ ಮಾಡಿದ.

"ಸಂಬಂಧ ಕೂಡ್ತಾ ಹಾಂಗಾರೆ?" ಅಮ್ಮ ಅಷ್ಟೇ ಕೇಳಿದಳು.

"ಬಡಿದಾಯ್ತಲ್ಲ, ಇನ್ನೆಂತ?" ಎಂದರು ಪ್ರೇಮಾನಂದರು, ಅಪ್ಪಯ್ಯನ ಮುಖ ನೋಡದೆ.

"ಅಪ್ಪ, ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?" ನವ್ಯಶ್ರೀ ಕೇಳಿದಳು. ಪ್ರೇಮಾನಂದರು ಕಂಬಳಿಯನ್ನು ಪಾದದವರೆಗೆ ಎಳೆದುಕೊಂಡರು. ಅಪ್ಪಯ್ಯ ಜಗಲಿಯ ಹಿಂಬದಿಗೆ ಹೋದ. ಅಲ್ಲಿ ಬಾಳೆಗಿಡಕ್ಕೆ ಮುಖ ಮಾಡಿ, ಭುಜ ಕುಲುಕಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ ಸದ್ದಿಲ್ಲದೆ ನಕ್ಕು, ಮುಖ ತೊಳೆದು ಬಂದು ಗಂಭೀರವಾಗಿ ಇಡ್ಲಿ ತಿಂದ.

ಸಂಜೆ ಎಲ್ಲರೂ ಬೆಂಕಿಗೆ ಮೈ ಕಾಯಿಸುತ್ತಿದ್ದಾಗ ಪ್ರೇಮಾನಂದರು ಕುರ್ಚಿಯನ್ನು ಅಪ್ಪಯ್ಯನ ಪಕ್ಕಕ್ಕೆ ಎಳೆದು, ಬೆಂಕಿಗೆ ಹೇಳುವ ಹಾಗೆ ಹೇಳಿದರು:

"ತಾಂಡೇಲ್ರೆ, ನಾಳೆ ಬೆಳಿಗ್ಗೆಯೂ ನಾನು ವಾಕಿಂಗ್ ಹೋಗ್ತೇನೆ. ಪದ್ಧತಿ ಅಂದ್ಮೇಲೆ ಒಂದೇ ದಿನಕ್ಕೆ ಬಿಡೂಕಾಗ್ತದಾ?"

ಅಪ್ಪಯ್ಯ ಎದ್ದು ಶೆಟ್ಟರ ಅಡುಗೆಮನೆಗೆ ಹೋಗಿ, ಇನ್ನೂ ದೊಡ್ಡ ಹರಿವಾಣ ಹುಡುಕತೊಡಗಿದ.